ಅಣ್ಣಮ್ಮನ ಬಾಣಲೆಯೂ ಏಳನೇ ತಳಿಯೂ

ಮಾಗಡಿ ರಸ್ತೆಯಲ್ಲಿ ಇನ್ನೂ ಗಾಡಿಗಳ ಸದ್ದಿಲ್ಲ. ಹೇರೋಹಳ್ಳಿಯ ಅಂಚಿನ ಆಲೂಗಡ್ಡೆ ಪ್ರಯೋಗದ ತಾಕಿನಲ್ಲಿ, ಕೊಟ್ಟಿಗೆಯ ಮರಳಿನ ಮೇಲೆ ಹರಡಿದ ಗಡ್ಡೆಗಳನ್ನು ಐವತ್ತೈದರ ಅಣ್ಣಮ್ಮ ಒಂದೊಂದಾಗಿ ಮಗುಚುತ್ತಿದ್ದಾರೆ. ಅವು ಏಳನೇ ನಂಬರಿನ ತಳಿ. ಇಂದು ಅವನ್ನು ಬಿಲ್ಲೆಗಳಾಗಿ ಹೆಚ್ಚಿ ಎಣ್ಣೆಯಲ್ಲಿ ಕರಿದು ಪರೀಕ್ಷಿಸಬೇಕು. ಬಿಲ್ಲೆಗಳು ಕಪ್ಪಾದರೆ ಮೂರು ವರ್ಷ ಸಾಕಿದ ತಳಿ ಪಟ್ಟಿಯಿಂದ ಹೊರಬೀಳುತ್ತದೆ.

ಮೂರು ವರ್ಷಗಳ ಹಿಂದೆ, ೧೯೫೩ರಲ್ಲಿ, ತಾಕು ಆರಂಭವಾದಂದಿನಿಂದ ಅಣ್ಣಮ್ಮ ಮೂಡಲಪಾಳ್ಯದಿಂದ ಇಲ್ಲಿಗೆ ನಡೆದು ಬರುತ್ತಾರೆ. ಹನ್ನೆರಡು ತಳಿಗಳು, ಪ್ರತಿಯೊಂದೂ ನಾಲ್ಕು ಕಡೆ, ಒಟ್ಟು ನಲವತ್ತೆಂಟು ಸಾಲು. ಒಂದು ಸಾಲಿನ ಗಡ್ಡೆ ಇನ್ನೊಂದರಲ್ಲಿ ಬೆರೆಯದಂತೆ ಅಗೆದು, ಮಣ್ಣೊರೆಸಿ, ತಕ್ಕಡಿಗೇರಿಸುವುದು ಅವರ ಕೆಲಸ. ಅಕ್ಷರ ಬಾರದು, ಅಂಕಿ ಬಲ್ಲರು. ಇಷ್ಟು ವರ್ಷಗಳಲ್ಲಿ ಒಂದು ಬುಟ್ಟಿಯೂ ಅದಲುಬದಲಾಗಿಲ್ಲ.

"ತಿನ್ನೋ ಗಡ್ಡೆಗೂ ಜಾತಕ ಬರೆಸ್ತೀಯೇನೇ ಅಣ್ಣಮ್ಮ ಅಂತ ಊರೋರು ಆಡ್ಕಂತಾರೆ," ಎಂದು ಅವರೇ ನಗುತ್ತಾರೆ.

ಆದರೆ ಜಾತಕ ಸುಳ್ಳಾಗಿಲ್ಲ. ಮೊದಲ ವರ್ಷ ಐದನೇ ನಂಬರು ಸಾಲಿಗೆ ನಲವತ್ತು ರಾತಲು ತೂಕದ ಗಡ್ಡೆ ಕೊಟ್ಟಿತು. ಅಂಗಮಾರಿ ರೋಗ ಬಂದ ಮರುವರ್ಷ ಒಂಬತ್ತಕ್ಕೆ ಇಳಿಯಿತು. ಏಳನೆಯದು ಮಾತ್ರ ಮೂರು ವರ್ಷಗಳಲ್ಲಿ ಇಪ್ಪತ್ತಾರು, ಇಪ್ಪತ್ತನಾಲ್ಕು, ಇಪ್ಪತ್ತೈದು.

"ಒಂದ್ ವರ್ಷ ಕುಣಿದು ಇನ್ನೊಂದ್ ವರ್ಷ ಮಲಗೋದು ಸಂಸಾರಕ್ಕಾಗಲ್ಲ ಸ್ವಾಮಿ. ಇದು ಸುಮ್ನೆ ದುಡಿಯೋ ಸೊಸೆ ಇದ್ದಂಗೆ."

ಇಂಥ ತಳಿ ಹದಿನೈದು ದಿನಗಳ ಹಿಂದೆ ಬಾಣಲೆಯಲ್ಲಿ ಸೋತಿತು. ಬಿಲ್ಲೆಗಳು ಇದ್ದಿಲಿನಂತಾದವು. ತಾಕಿನ ಅಧಿಕಾರಿ ಸೇತುರಾಮ ಕೆಂಪು ಪೆನ್ಸಿಲ್ ಕೈಗೆತ್ತಿಕೊಂಡು, "ಮುಗೀತು ಕಣಮ್ಮ, ಇದನ್ನ ಹೊಡೆದುಹಾಕ್ತೀನಿ," ಎಂದರು.

"ಒಸಿ ತಡೀರಿ ಸ್ವಾಮಿ. ಮಿಕ್ಕಿದ್ ಗಡ್ಡೆಯೆಲ್ಲ ಕೊಟ್ಟಿಗೇಲಿದ್ವು. ಇದನ್ನೆಲ್ಲಿಕ್ಕಿದ್ರಿ?"

ಸೇತುರಾಮ ತಲೆ ಕೆರೆದುಕೊಂಡರು. ಮೆಚ್ಚಿನ ತಳಿ ಮೊಳಕೆಯೊಡೆಯದಿರಲೆಂದು ಅದೊಂದನ್ನೇ ಪರಿಚಯದವರ ಐಸ್ ಕಾರ್ಖಾನೆಯ ತಂಪು ಕೋಣೆಯಲ್ಲಿ ಇರಿಸಿದ್ದರು. ಕರಿಯುವ ಮೊದಲು ಪ್ರತಿ ತಳಿಯ ಒಂದು ತುಂಡನ್ನು ಬೇಯಿಸಿ ರುಚಿ ನೋಡುವುದು ಅಣ್ಣಮ್ಮನ ರೂಢಿ. ಅಂದೂ ನೋಡಿದ್ದರು.

"ಗೆಣಸಿನಂಗೆ ಸಿಹಿ ಇತ್ತು. ಸಿಹಿ ಕಾದೆಣ್ಣೆಗೆ ಬಿದ್ರೆ ಸೀಯದೆ ಇದ್ದೀತಾ? ಚಳೀಲಿ ಬಂದ ಸಿಹಿ ಬೆಚ್ಚಗಿಟ್ರೆ ಇಳೀಬೋದು. ಹದಿನೈದು ದಿವ್ಸ ಕೊಡಿ ಅಂದೆ."

ಅಂದಿನಿಂದ ಎರಡು ದಿನಕ್ಕೊಮ್ಮೆ ಒಂದು ತುಂಡು ಬೇಯಿಸಿ ಸವಿದಿದ್ದಾರೆ. ಸಿಹಿ ಇಳಿಯುತ್ತ ಬಂದಿದೆ. ಆದರೂ ಈಗ ಒಲೆಯ ಮುಂದೆ ಅವರು ಬಾಣಲೆಯಿಂದ ಕಣ್ಣು ಕೀಳುವುದಿಲ್ಲ. ಕಡಲೆಕಾಯಿ ಎಣ್ಣೆ ಕಾಯುತ್ತದೆ; ತೆಳು ಬಿಲ್ಲೆಗಳು ಚುರ್ರೆಂದು ಮುಳುಗಿ ಮೇಲೇಳುತ್ತವೆ. ಅಣ್ಣಮ್ಮ ಜಾಲರಿಯಿಂದ ಎತ್ತಿ ಬಾಳೆಲೆಗೆ ಹಾಕುತ್ತಾರೆ. ಹುರಿಗಡಲೆಯ ಹಳದಿ, ಅಂಚಿನಲ್ಲೂ ಕಪ್ಪಿಲ್ಲ.

ಸೇತುರಾಮ ಒಂದನ್ನು ಬಾಯಿಗೆ ಹಾಕಿಕೊಂಡು, ನಾಲಗೆ ಸುಟ್ಟರೂ ನಗುತ್ತಾರೆ. "ಗೆದ್ದೆ ಕಣಮ್ಮ!"

"ನಾನೇನ್ ಗೆದ್ದೆ? ಗೆದ್ದಿದ್ದು ಗಡ್ಡೆ. ಒಸಿ ಆರಿಸ್ಕೊಂಡ್ ತಿನ್ನಿ," ಎನ್ನುತ್ತ ಅಣ್ಣಮ್ಮ ಸೆರಗಿನಿಂದ ಮುಖದ ಬೆವರೊರೆಸಿಕೊಳ್ಳುತ್ತಾರೆ.

ಬಿತ್ತನೆ ಗಡ್ಡೆಯನ್ನು ಇನ್ನು ಊರೂರಿಗೆ ಹಂಚುತ್ತಾರಂತೆ. ತಳಿಗೊಂದು ಹೆಸರೂ ಬರಲಿದೆಯಂತೆ. ನಿಮ್ಮ ಹೆಸರೇ ಆಗಲೆಂದು ಕೇಳಬಾರದೇ ಎಂದರೆ ಅಣ್ಣಮ್ಮ ಬೇಡವೆಂದು ಕೈಯಾಡಿಸುತ್ತಾರೆ.

"ಹೆಸರು ಯಾವ್ದಾದ್ರೂ ಆಗ್ಲಿ ಬಿಡಿ. ಕರಿಯೋಕೆ ಮುಂಚೆ ಒಂದ್ ತುಂಡು ಬೇಯಿಸಿ ರುಚಿ ನೋಡಿ ಅಂತ ಚೀಲದ ಮೇಲೆ ಬರ್ಸಿದ್ರೆ ಸಾಕು."