ಕ್ಲಾರೆನ್ಸ್ ಕೊಟ್ಟ ಎರಡು ಪೆಟ್ಟು

ಬ್ಯಾಂಡ್ ಶುರು ಮಾಡುವುದು ಯಾರಿಗಾದರೂ ಬರುತ್ತದೆ, ನಿಲ್ಲಿಸುವುದೇ ಕಷ್ಟ ಎಂದು ನನ್ನ ಮೈದುನ ಕ್ಲಾರೆನ್ಸ್ ಹೇಳುತ್ತಿದ್ದ. ಬಾರಿಸುತ್ತಾ ನಡೆಯುವ ಮೂವತ್ತು ಮಂದಿಗೆ ಕೂಗಿದರೆ ಕೇಳುವುದಿಲ್ಲ. ಕೈ ಎತ್ತಿದರೆ ಹಿಂದಿನ ಸಾಲಿಗೆ ಕಾಣುವುದಿಲ್ಲ. ಅದಕ್ಕೆ ದೊಡ್ಡ ಡ್ರಮ್ಮಿನವನು ತಾಳದ ನಡುವೆ ಒತ್ತೊತ್ತಾಗಿ ಎರಡು ಪೆಟ್ಟು ಕೊಡಬೇಕು. ಬ್ಯಾಂಡಿನವರು ಅದನ್ನು ಡಬಲ್ ಎನ್ನುತ್ತಾರೆ. ಡಬಲ್ ಬಿದ್ದರೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಬೀಳದಿದ್ದರೆ ಆಕಾಶ ಬಿದ್ದರೂ ನಿಲ್ಲಬಾರದು.

ನಾನು ಮದುವೆಯಾಗಿ ಉಡುಪಿ ಕಡೆಯ ಆ ಮನೆಗೆ ಹೋದಾಗ ಅವನಿಗೆ ಹನ್ನೆರಡು ವರ್ಷ. ಚರ್ಚಿನಿಂದ ಮನೆವರೆಗೆ ನಮ್ಮ ಮುಂದೆ ಡ್ರಮ್ ಹೊತ್ತು ನಡೆದವನು ಅವನೇ. ನಮ್ಮತ್ತ ತಿರುಗಿದಾಗ ಡ್ರಮ್ಮಿನ ಹಿಂದೆ ಮುಖ ಕಾಣುತ್ತಿರಲಿಲ್ಲ. ಎರಡು ಕಾಲು ಮಾತ್ರ ಕಾಣುತ್ತಿದ್ದವು. ಎಡಗಾಲಿನ ಚಪ್ಪಲಿಯ ಬಾರು ಕಿತ್ತು ಹೋಗಿತ್ತು, ಅದನ್ನು ಬಾಳೆನಾರಿನಲ್ಲಿ ಕಟ್ಟಿದ್ದ.

ಇಪ್ಪತ್ತನಾಲ್ಕಕ್ಕೆ ಮಸ್ಕತ್‌ಗೆ ಬಂದ. ಅಲ್ಲಿನ ವಾದಿ ಅದಾಯ್ ಎಂಬಲ್ಲಿ ಒಂದು ಗ್ಯಾರೇಜಿನಲ್ಲಿ ಹದಿನೈದು ವರ್ಷ ಕಾರುಗಳಿಗೆ ಬಣ್ಣ ಹೊಡೆದ. ಸೈನ್ಯದ ಬ್ಯಾಂಡ್ ಎಲ್ಲಾದರೂ ಬರುತ್ತದೆಂದು ಗೊತ್ತಾದರೆ ರಜೆ ಹಾಕಿ ಹೋಗಿ ಬಿಸಿಲಲ್ಲಿ ನಿಲ್ಲುತ್ತಿದ್ದ. ಆಮೇಲೆ ಒಂದು ಶಾಲೆಯವರು ಬ್ಯಾಂಡ್ ಕಲಿಸಲು ಕರೆದರು. ಶಾಲೆಯ ಹೆಸರು ಬರೆಯುವುದಿಲ್ಲ, ನನ್ನ ಮೊಮ್ಮಗಳು ಮೆರಿಲ್ ಇನ್ನೂ ಅಲ್ಲೇ ಓದುತ್ತಿದ್ದಾಳೆ. ಮೊದಲ ಡ್ರಮ್ಮುಗಳ ಅಂಚಿಗೆ ಅವನು ಹೊಡೆದದ್ದು ಕಾರಿನ ಕೆಂಪು ಬಣ್ಣ. ಅದು ಇವತ್ತಿಗೂ ಎದ್ದಿಲ್ಲ.

ಮದುವೆಯಾಗಲಿಲ್ಲ. ನಾನು ಕೇಳಿದಾಗಲೆಲ್ಲ ಒಂದೇ ಉತ್ತರ: "ವೊನಿ, ಡ್ರಮ್ ಹೊತ್ತವನಿಗೆ ಎದುರು ಯಾರು ನಿಂತಿದ್ದಾರೆ ಅಂತ ಕಾಣುದಿಲ್ಲ ಅಲ್ವಾ?" ನಮ್ಮ ಕೊಂಕಣಿಯಲ್ಲಿ ಅತ್ತಿಗೆಗೆ ವೊನಿ ಎನ್ನುತ್ತಾರೆ.

ನನ್ನ ಗಂಡ ಕ್ರಿಸ್ಟೋಫರ್ ತೀರಿಕೊಂಡಾಗ ಅವನು ವಿಮಾನ ಇಳಿದು ನೇರ ಚರ್ಚಿಗೆ ಬಂದ. ಬ್ಯಾಂಡಿನವರ ಕೈಯಿಂದ ಡ್ರಮ್ ತೆಗೆದು ತಾನೇ ಹೊತ್ತ. ಸಮಾಧಿಯ ಹೊಂಡದ ಹತ್ತಿರ ಎರಡು ಪೆಟ್ಟು ಕೊಟ್ಟ. ಎಲ್ಲ ಒಟ್ಟಿಗೆ ನಿಂತಿತು. ಮಣ್ಣು ಬೀಳುವ ಸದ್ದು ಆಮೇಲೆ ಕೇಳಿತು.

ಆ ಬಳಿಕ ನಾನು ಮಸ್ಕತ್ ಹತ್ತಿರ ಸೀಬ್‌ನಲ್ಲಿದ್ದ ಮಗ ಜಾಯ್ಸನ್‌ನ ಮನೆಗೆ ಬಂದೆ. ಮೆರಿಲ್ ಆರನೇ ಕ್ಲಾಸಿಗೆ ಬ್ಯಾಂಡ್ ಸೇರಿ ಸೈಡ್ ಡ್ರಮ್ ಕಲಿತಳು. ಶಾಲೆಯಲ್ಲಿ ಕ್ಲಾರೆನ್ಸನನ್ನು ಸರ್ ಎನ್ನಬೇಕು, ಮನೆಯಲ್ಲಿ ಅಂಕಲ್. ಒಮ್ಮೆ ಅವಳನ್ನು ಕರೆತರಲು ಹೋದಾಗ ಅಭ್ಯಾಸ ನೋಡಿದೆ. ಪಕ್ಕದ ಮಸೀದಿಯಲ್ಲಿ ಬಾಂಗ್ ಶುರುವಾಗುವ ಮೊದಲೇ ಡಬಲ್ ಬೀಳುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಡವಾದದ್ದಿಲ್ಲವಂತೆ.

ಹೋದ ವರ್ಷ ಶಾಲೆಗೆ ಹೊಸ ಚೇರ್ಮನ್ ಬಂದರು. ಏಪ್ರಿಲ್‌ನಿಂದ ಬ್ಯಾಂಡ್ ಬೇಡ, ಆಟದ ದಿನ ಸ್ಪೀಕರ್ ಹಾಕಿ ಮಕ್ಕಳನ್ನು ಕುಣಿಸಿದರೆ ಸಾಕು ಎಂದು ತೀರ್ಮಾನವಾಯಿತು. ಬ್ಯಾಂಡ್ ಹೋದರೆ ಕ್ಲಾರೆನ್ಸನ ವೀಸಾವೂ ಹೋಗುತ್ತದೆ. ಅರವತ್ತೆರಡರ ಮುದುಕನಿಗೆ ಇನ್ಯಾವ ಕಫೀಲ್, ಅಂದರೆ ಧಣಿ, ವೀಸಾ ಕೊಡುತ್ತಾನೆ? ಅವನು ಪ್ರಿನ್ಸಿಪಾಲರ ಬಾಗಿಲಲ್ಲಿ ಮೂರು ದಿನ ನಿಂತ. ಕೊನೆಗೆ ಅವರು, ಫುಟ್ಬಾಲ್ ಫೈನಲ್ ನೋಡಲು ಚೇರ್ಮನ್ ಬರುತ್ತಾರೆ, ಹಾಫ್ ಟೈಮಿನಲ್ಲಿ ಏಳು ನಿಮಿಷ ಕೊಡುತ್ತೇನೆ, ಅವರು ಮೆಚ್ಚಿದರೆ ನೋಡೋಣ ಎಂದರು.

"ಅವರು ಬ್ಯಾಂಡ್ ನೋಡ್ಲೇ ಇಲ್ಲ ವೊನಿ, ನೋಡಿದ್ರೆ ಬೇಡ ಅನ್ನುದಿಲ್ಲ," ಎಂದು ನನ್ನ ಅಡುಗೆಮನೆಯಲ್ಲಿ ಕೂತು ಹತ್ತು ಸಲ ಹೇಳಿದ. ನಾನು ಹೂಂ ಎಂದೆ.

ದೊಡ್ಡ ಡ್ರಮ್ ಹೊರಲು ಆ ವರ್ಷ ಯಾರೂ ಇರಲಿಲ್ಲ. ಬೆನ್ನು ನೋವು, ಟ್ಯೂಷನ್ ಎಂದು ಎಲ್ಲರ ತಂದೆತಾಯಿಗಳೂ ಚೀಟಿ ಕಳಿಸಿದ್ದರು. ಅವನೇ ಹೊತ್ತ.

ಫೈನಲ್ ಫೆಬ್ರವರಿಯ ಒಂದು ಗುರುವಾರ ಸಂಜೆ. ನಾನು, ಜಾಯ್ಸನ್ ಮೈದಾನದ ಮೆಟ್ಟಿಲಲ್ಲಿ ಕೂತಿದ್ದೆವು. ಹಾಫ್ ಟೈಮಿಗೆ ಆಟಗಾರರು ಒಳಗೆ ಹೋದರು. ಚೇರ್ಮನ್ನರ ಕುರ್ಚಿ ಖಾಲಿ ಇತ್ತು. ಗೆರೆಯ ಹತ್ತಿರ ನಿಂತಿದ್ದ ಪಿ.ಟಿ. ಮೇಷ್ಟ್ರು ಸಾಗರ್, ಕುಂದಾಪುರದ ಹುಡುಗ, ಗಡಿಯಾರ ತೋರಿಸಿ ಹೇಳಿದ್ದು ನಮಗೂ ಕೇಳಿತು.

"ಕ್ಲಾರೆನ್ಸಣ್ಣ, ಏಳೇ ನಿಮಿಷ ಮಾರಾಯ್ರೆ. ಆಮೇಲೆ ಸ್ಪೀಕರಿನವರು ಹಾಡು ಹಾಕ್ತಾರೆ, ಯಾರ ಮಾತೂ ಕೇಳುದಿಲ್ಲ."

"ಚೇರ್ಮನ್ ಬರ್ಲಿಲ್ಲ ಅಲ್ಲ?"

"ಅವರು ಬಿರಿಯಾನಿ ಮುಗಿಸಿ ಬರ್ತಾರೆ. ಯಲ್ಲಾ ಯಲ್ಲಾ, ಬೇಗ ಹೊರಡಿ."

ಬ್ಯಾಂಡಿನ ಮಕ್ಕಳು ಹೊರಟರು. ಬಿಳಿ ಅಂಗಿ, ಬಿಳಿ ಕೈಗವಸು, ಕಾಲೆಲ್ಲ ಒಂದೇ ಎತ್ತರಕ್ಕೆ ಏಳುತ್ತಿದ್ದವು. ಜಾಯ್ಸನ್ ಕೂಡ ಮೊಬೈಲು ಕೆಳಗಿಟ್ಟ. ಆದರೆ ಏಳು ನಿಮಿಷ ಆಗಿ ಹೋದರೂ ಕುರ್ಚಿ ಖಾಲಿಯೇ ಇತ್ತು. ಕ್ಲಾರೆನ್ಸ್ ಕುರ್ಚಿ ನೋಡಿದ. ಡಬಲ್ ಕೊಡಲಿಲ್ಲ, ಇನ್ನೊಂದು ಸುತ್ತು ತಿರುಗಿಸಿದ. ಸಾಗರ್ ಎರಡೂ ಕೈ ಆಡಿಸುತ್ತಿದ್ದ.

ಆಗಲೇ ಚೇರ್ಮನ್ ಬಂದರು. ಅವರು ಕೂರುವುದಕ್ಕೂ ಸ್ಪೀಕರ್ ಶುರುವಾಗುವುದಕ್ಕೂ ಸರಿಹೋಯಿತು. ಬಾಗಿಲಷ್ಟು ದೊಡ್ಡ ನಾಲ್ಕು ಪೆಟ್ಟಿಗೆ. ನಾವು ಕೂತ ಕಲ್ಲು ನಡುಗಿತು. ಕ್ಲಾರೆನ್ಸ್ ಡಬಲ್ ಕೊಟ್ಟ. ಅವನ ಕೋಲು ಎರಡು ಸಲ ಬಿದ್ದದ್ದನ್ನು ನಾನು ಕಂಡೆ, ಕೇಳಲಿಲ್ಲ. ಮಕ್ಕಳಿಗೂ ಕೇಳಲಿಲ್ಲ. ಮತ್ತೆ ಕೊಟ್ಟ, ಮತ್ತೆ ಕೊಟ್ಟ. ಮಕ್ಕಳು ನಿಲ್ಲಲಿಲ್ಲ. ನಿಲ್ಲಬಾರದೆಂದು ಅವನೇ ಕಲಿಸಿದ್ದ.

ತಾಳ ಕೇಳದ ಮೇಲೆ ಕಾಲು ಹೇಗೆ ಕೂಡುತ್ತದೆ? ಟ್ರಂಪೆಟಿನವರು ಒಂದು ಕಡೆ ತಿರುಗಿದರು, ಡ್ರಮ್ಮಿನವರು ಇನ್ನೊಂದು ಕಡೆ. ಇಬ್ಬರು ಡಿಕ್ಕಿ ಹೊಡೆದರು. ಆಟಗಾರರು ಬಂದು ಚೆಂಡು ಹಿಡಿದು ನಿಂತರು. ರೆಫರಿ ಪೀಪಿ ಊದಿದ. ಮೆಟ್ಟಿಲ ತುಂಬ ಜನ ಮೊಬೈಲು ಎತ್ತಿ ನಗುತ್ತಿದ್ದರು. ಚೇರ್ಮನ್ನರೂ ಪಕ್ಕದವರಿಗೆ ಏನೋ ಹೇಳಿ ನಕ್ಕರು.

ಕೊನೆಗೆ ಕ್ಲಾರೆನ್ಸ್ ಕೋಲನ್ನು ಸೊಂಟಕ್ಕೆ ಸಿಕ್ಕಿಸಿದ. ಹೊಟ್ಟೆಯ ಮೇಲೆ ಡ್ರಮ್ ಹೊತ್ತುಕೊಂಡೇ ಒಂದೊಂದು ಮಗುವಿನ ಹತ್ತಿರ ಹೋಗಿ ಅಂಗೈಯಲ್ಲಿ ಹೆಗಲಿಗೆ ಎರಡು ಸಲ ತಟ್ಟಿದ. ತಟ್ಟಿಸಿಕೊಂಡವರು ನಿಂತರು. ಮೂವತ್ತು ಮಕ್ಕಳು. ಮೆರಿಲ್ ದೂರ ಹೋಗಿಬಿಟ್ಟಿದ್ದಳು, ಗೋಲಿನ ಕಂಬದ ಹತ್ತಿರ ಒಬ್ಬಳೇ ಬಾರಿಸುತ್ತಿದ್ದಳು. ಅಲ್ಲಿಯವರೆಗೆ ನಡೆಯಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ! ಅಷ್ಟು ಹೊತ್ತೂ ಜನ ನಕ್ಕರು.

ಹೊರಗೆ ಬಸ್ಸಿನ ಹತ್ತಿರ ಪ್ರಿನ್ಸಿಪಾಲರು ಅವನ ಭುಜ ಮುಟ್ಟಿ, "ಖಲಾಸ್, ಕ್ಲಾರೆನ್ಸ್. ರೆಸ್ಟ್ ತಗೊಳ್ಳಿ," ಎಂದರು. ಅದಕ್ಕಿಂತ ಬೈದಿದ್ದರೂ ಆಗುತ್ತಿತ್ತು.

ಅವನು ನಮ್ಮ ಕಾರಿನಲ್ಲೇ ಮನೆಗೆ ಬಂದ. ನಾನು ಗಂಜಿ, ಒಣಮೀನು ಚಟ್ನಿ ಬಡಿಸಿದೆ. ಊರಿಗೆ ಹೋಗಿ ಚರ್ಚಿನ ಬ್ಯಾಂಡಿಗೆ ಕಲಿಸಬಹುದಲ್ಲ ಎಂದು ಜಾಯ್ಸನ್ ಸಮಾಧಾನಕ್ಕೆ ಹೇಳಿದ. ಆ ಬ್ಯಾಂಡ್ ನಿಂತು ಆರು ವರ್ಷವಾಯಿತು. ಅಲ್ಲಿ ಈಗ ಸಾವಿಗೂ ಸ್ಪೀಕರೇ. ಅದು ಜಾಯ್ಸನ್‌ಗೂ ಗೊತ್ತು.

ಮೆರಿಲ್ ಬಾಗಿಲಲ್ಲಿ ನಿಂತಿದ್ದಳು, ಸಮವಸ್ತ್ರ ಬಿಚ್ಚಿರಲಿಲ್ಲ. ಅತ್ತು ಕಣ್ಣು ಕೆಂಪಾಗಿತ್ತು.

"ಎಲ್ಲರೂ ನಕ್ಕರು, ಸರ್. ನೀವು ಯಾಕೆ ಡಬಲ್ ಕೊಡ್ಲಿಲ್ಲ?"

ಮನೆಯಲ್ಲಿ ಅವಳು ಅವನನ್ನು ಸರ್ ಎಂದದ್ದು ಅದೇ ಮೊದಲು.

"ಕೊಟ್ಟೆ, ಮಗಾ."

"ಇಲ್ಲ ಸರ್. ಐ ವಾಸ್ ಲಿಸನಿಂಗ್. ನೀವು ಕೊಡ್ಲೇ ಇಲ್ಲ."

ಕ್ಲಾರೆನ್ಸ್ ನನ್ನ ಮುಖ ನೋಡಿದ. ಕೊಟ್ಟಿದ್ದಾನೆ, ನಾನು ಕಣ್ಣಾರೆ ಕಂಡೆ ಎಂದು ನಾನು ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ. ಅವನು ತಲೆ ತಗ್ಗಿಸಿ ಗಂಜಿ ಕಲಸುತ್ತಾ ಕೂತ.