ಅಪ್ಪನ ಕೂಡದ ಮೂಳೆ

ಕಾಲ್ ಸೂಪ್ ಅಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಮೂರು ತಿಂಗಳು, ಪ್ರತಿ ಭಾನುವಾರ ಅರಕಲಗೂಡಿನ ಮಟನ್ ಅಂಗಡಿ ಮುಂದೆ ನಿಂತು ಸುಟ್ಟ ಕುರಿಕಾಲು ತಂದು, ಮೆಣಸು ಅರೆದು, ಮಧ್ಯಾಹ್ನದವರೆಗೆ ಕುದಿಸಿ ಅಪ್ಪನಿಗೆ ಕುಡಿಸಿದವಳು ನಾನು. ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಮನೆಯಲ್ಲಿ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಕ್ಕೆ ಏರಿಸುವಾಗ ಅಪ್ಪ ಜಾರಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡಿದ್ದ. ಹಾಸನದಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಅವ್ವ ಇಲ್ಲದ ಮನೆ, ಹಾಗಾಗಿ ಗಂಡನ ಮನೆ ಹೊಳೆನರಸೀಪುರದಿಂದ ನಾನೇ ಬಂದು ಉಳಿದೆ. ಸೂಪ್ ಕುಡಿಸಿದರೆ ಮೂಳೆ ತಾನಾಗಿ ಕೂಡುತ್ತದೆ ಎಂದು ಊರಿಗೆ ಊರೇ ಹೇಳಿತು.

ಮೂರನೇ ತಿಂಗಳ ಎಕ್ಸ್‌ರೇಯಲ್ಲಿ ಬಿರುಕು ಹಾಗೇ ಇತ್ತು.

"ಬೀಡಿ ಸೇದ್ತೀರಾ?" ಡಾಕ್ಟರು ಕೇಳಿದರು.

"ಇಲ್ಲ ಸಾ, ಬಿಟ್ಬುಟ್ಟೆ," ಅಂದ ಅಪ್ಪ, ಬೆರಳ ಕಲೆಯನ್ನು ಪಂಚೆಯೊಳಗೆ ಮುಚ್ಚಿಕೊಂಡು.

ಡಾಕ್ಟರು ಚೀಟಿಯ ಹಿಂಬದಿಗೆ ಒಂದು ಮೂಳೆ ಬರೆದು, ಅದರೊಳಗೆ ಸಣ್ಣ ಸಣ್ಣ ಗೆರೆ ಎಳೆದರು. "ಮೂಳೆ ಅಂದ್ರೆ ಒಣ ಕಟ್ಟಿಗೆ ಅಲ್ಲ. ಒಳಗೆಲ್ಲ ರಕ್ತನಾಳ ಇರ್ತವೆ. ಮುರಿದ ಜಾಗದಲ್ಲಿ ಹೊಸ ನಾಳ ಬೆಳೆದು ರಕ್ತ ಬಂದ್ರೇನೇ ಹೊಸ ಮೂಳೆ ಕಟ್ಟೋದು. ಈ ಜಾಗಕ್ಕೆ ಮೊದಲೇ ರಕ್ತ ಕಮ್ಮಿ. ಬೀಡಿ ಸೇದಿದ್ರೆ ಇರೋ ನಾಳಾನೂ ಮುದುಡುತ್ತೆ. ಆಮೇಲೆ ಏನು ತಿಂದ್ರೂ ಅಲ್ಲಿಗೆ ಹೇಗೆ ತಲುಪುತ್ತೆ?" ಇನ್ನೂ ಸ್ವಲ್ಪ ದಿನ ನೋಡುವುದು, ಕೂಡದಿದ್ದರೆ ಸೊಂಟದ ಮೂಳೆ ಕೆತ್ತಿ ಅಲ್ಲಿ ತುಂಬುವುದು ಎಂದರು.

ಮನೆಗೆ ಬಂದವಳೇ ದಿಂಬು ಎತ್ತಿ ಎಸೆದೆ. ಕೆಳಗೆ ಮೂರು ಕಟ್ಟು ಬೀಡಿ. ನೋಡಲು ಬಂದವರು ಬನ್ನು, ಮೂಸಂಬಿಯನ್ನು ನನ್ನ ಕೈಗೆ ಕೊಟ್ಟು, ನಾನು ಕಾಫಿಗೆಂದು ಒಳಗೆ ಹೋದಾಗ ಈ ಬೀಡಿ ಕಟ್ಟುಗಳನ್ನು ಅಪ್ಪನಿಗೆ ಕೊಡುತ್ತಿದ್ದರು. ಆ ಭಾನುವಾರ ಬಂದ ದೊಡ್ಡಪ್ಪನ ಮುಂದೆ ಕಟ್ಟುಗಳನ್ನು ಕುಕ್ಕಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಬಾಯಿಗೆ ಬಂದಂತೆ ಬೈದೆ. ಹಿರಿಯರು ಅನ್ನುವುದನ್ನೂ ನೋಡಲಿಲ್ಲ.

ದೊಡ್ಡಪ್ಪ ನಕ್ಕ. "ಮಲಗಿದ್ ಮನ್ಸ, ಬೇಜಾರ್ ಕಳೀಲಿ ಅಂತ ಕೊಟ್ಟೆ ಕಣವ್ವ. ಒಗೆಸೊಪ್ಪು ಬೆಳ್ಯೋರು ನಾವು, ನಮ್ಗೇನ್ ಮಾಡ್ತದೆ ಅದು?"

ನಾನು ಮಂಚದ ಕಡೆ ಕೈ ತೋರಿಸಿದೆ. "ಮಾಡಿರೋದು ಅಲ್ಲೇ ಮಲಗೈತೆ, ನೋಡು ದೊಡ್ಡಪ್ಪ. ಇನ್ಮೇಲೆ ಬೀಡಿ ಇಟ್ಕೊಂಡು ನಮ್ಮನೆಗೆ ಬರ್ಬ್ಯಾಡ."

ಆಗ ಮಂಚದ ಮೇಲಿಂದ ಅಪ್ಪ ಅಂದ, "ಅವನ್ನ ಯಾಕವ್ವ ಬಯ್ತೀಯ? ದಿನಾ ಬೆಳಗ್ಗೆ ಕರಟದಾಗಿನ್ ಬೂದಿ ಚೆಲ್ದೋಳು ನೀನೇ ಅಲ್ವಾ?"

ದೊಡ್ಡಪ್ಪ ಎದ್ದು ಹೋದ.

ಹೌದು, ಚೆಲ್ಲಿದ್ದೆ. ಮಂಚದ ಕೆಳಗಿನ ಆ ತೆಂಗಿನ ಕರಟದಲ್ಲಿ ಬೂದಿ, ಬೀಡಿ ತುಂಡು ಎಲ್ಲ ಇರುತ್ತಿದ್ದವು. ಬೀಡಿ ಇಲ್ಲದ ದಿನ ಅಪ್ಪ ನೋವಿಗೆ ಕೂಗಾಡುತ್ತಿದ್ದ, ಕೊಟ್ಟ ಮುದ್ದೆಯನ್ನು ತಳ್ಳಿ ನನ್ನನ್ನು ಹೀನಾಮಾನ ಬೈಯುತ್ತಿದ್ದ. ಬೀಡಿ ಸಿಕ್ಕ ದಿನ ಮನೆ ತಣ್ಣಗಿರುತ್ತಿತ್ತು. ರಕ್ತನಾಳದ ವಿಷಯ ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಆಸ್ಪತ್ರೆಯಿಂದ ಕಳಿಸುವಾಗಲೇ ಬೀಡಿ ಮುಟ್ಟಬಾರದು ಎಂದಿದ್ದರಲ್ಲ, ಅದು ಗೊತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂಳೆ ಕೂಡಲಿಲ್ಲ. ಅಪ್ಪನ ಸೊಂಟ ಕೊಯ್ಯುವ ದಿನ ಆಪರೇಷನ್ನಿಗೆ ಒಪ್ಪಿಗೆ ಎಂದು ಸಹಿ ಹಾಕಿದವಳೂ ನಾನೇ.