ಇಸ್ತ್ರಿ ಮಾಡಿದ ನೋಟು

ಡಾಕ್ಟರ್ ಅಂಕಲ್ ಅವರ ಬಲಗಣ್ಣಿನ ಸುತ್ತ ಭೂತಗನ್ನಡಿ ಒತ್ತಿದ ಕೆಂಪು ಗುರುತು ಯಾವಾಗಲೂ ಇರುತ್ತಿತ್ತು. 2012ರಲ್ಲಿ ನಾವು ಟೆಕ್ಸಾಸಿನ ಜಾರ್ಜ್‌ಟೌನ್‌ಗೆ ಶಿಫ್ಟ್ ಆದಾಗ ಅವರದು ಪಕ್ಕದ ಮನೆ. ಧಾರವಾಡದ ಕಡೆಯವರು. ಒಂದು ಕಾಲದಲ್ಲಿ ಅಮೆರಿಕದ ಸಣ್ಣಪುಟ್ಟ ಊರಿನ ಬ್ಯಾಂಕುಗಳೂ ತಮ್ಮ ಊರಿನ ಹೆಸರು ಹಾಕಿ ನೋಟು ಹೊರಡಿಸುತ್ತಿದ್ದವಂತೆ. ನಿವೃತ್ತರಾದ ಮೇಲೆ ಅವರು ಅವನ್ನೇ ಹುಡುಕಿ ಸಂಗ್ರಹಿಸುತ್ತಿದ್ದರು.

"ಮಡಿಕಿ ಇದ್ರ ಇರ್ಲಿ, ಹೊಲಸಿದ್ರ ಇರ್ಲಿ. ತೊಳದ್ರ ಮಾತ್ರ ಕವಡಿ ಕಿಮ್ಮತ್ತಿಲ್ರಿ" ಎನ್ನುತ್ತಿದ್ದರು. ಬಂದವರು ನೋಟು ಮುಟ್ಟಹೋದರೆ ಅವರ ಹೆಂಡತಿ, ನಮ್ಮ ಆಂಟಿಯೇ ಗದರುತ್ತಿದ್ದರು.

ಅಂಕಲ್ಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿದ್ದುದು ಒಂದು ಊರಿನ ನೋಟು. ಮದುವೆಯಾದ ಹೊಸದರಲ್ಲಿ ಇಬ್ಬರೂ ಬಂದಿಳಿದ, ಅಂಕಲ್ ಒಬ್ಬರೇ ಡಾಕ್ಟರಾಗಿದ್ದ, ಪಶ್ಚಿಮ ಟೆಕ್ಸಾಸಿನ ಪುಟ್ಟ ಊರು. ಕೊನೆಗೂ ಡಲ್ಲಾಸಿನ ವ್ಯಾಪಾರಿಯೊಬ್ಬನ ಬಳಿ ಸಿಕ್ಕಿತು. ನಾನೇ ಡ್ರೈವ್ ಮಾಡಿ ಕರೆದೊಯ್ದೆ. ಎಂದೂ ಚೌಕಾಸಿ ಬಿಡದವರು ಅಂದು ಕೇಳಿದಷ್ಟು ಕೊಟ್ಟು ಕೊಂಡರು.

ಆ ಭಾನುವಾರ ಊಟಕ್ಕೆ ಕರೆದಿದ್ದರು. ನೋಟು ತೋರಿಸಲೆಂದು ಡ್ರಾಯರ್ ಎಳೆದರೆ ಖಾಲಿ. ಆಂಟಿ ಒಳಗಿನಿಂದ ನೋಟು ಹಿಡಿದು ನಗುತ್ತಾ ಬಂದರು.

"ಭಾಳ ಹೊಲಸಾಗಿತ್ರಿ. ಸಾಬೂನು ಹಚ್ಚಿ ತೊಳದು, ಇಸ್ತ್ರಿ ಮಾಡೀನಿ."

ಬ್ಯಾಂಕಿನವರು ಮಸಿಯಲ್ಲಿ ಹಾಕಿದ್ದ ರುಜು ಪೂರ್ತಿ ಅಳಿಸಿಹೋಗಿತ್ತು. ಅಂಕಲ್ ಸಿಡಿಯುತ್ತಾರೆಂದು ನಾನು ಹೆದರಿದೆ. ಅವರು ನೋಟಿನತ್ತ ನೋಡಲೇ ಇಲ್ಲ, ಆಂಟಿಯ ಮುಖವನ್ನೇ ನೋಡುತ್ತಿದ್ದರು.

"ಇದು ಯಾವ ಊರಿಂದು, ಓದು ನೋಡೋಣ" ಎಂದರು ಮೆಲ್ಲಗೆ.

ಆಂಟಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಯಾವುದೋ ಊರು. ನಾವೇನು ಅಲ್ಲಿಗೆ ಹೋಗೀವೇನು?"

ಅಂಕಲ್ ಆಂಟಿಗೆ ಕುರ್ಚಿ ಎಳೆದುಕೊಟ್ಟರು. "ಇಲ್ಲ. ಛಲೋ ಮಾಡೀದಿ, ತೊಳದಿ" ಎಂದರು.

ವರ್ಷದೊಳಗೆ ಉಳಿದ ನೋಟುಗಳನ್ನೆಲ್ಲ ಮಾರಿ, ಹ್ಯೂಸ್ಟನ್ ಬಳಿ ಮಗಳಿದ್ದ ಫುಲ್‌ಶೀರ್‌ಗೆ ಹೋದರು. ಅಡುಗೆ ಕಲಿತರು, ಆಂಟಿಗೆ ಜಡೆ ಹಾಕುವುದನ್ನೂ ಕಲಿತರು. ಫೋನ್ ಮಾಡಿದರೆ ನೋಟಿನ ಸುದ್ದಿಯೇ ಇಲ್ಲ. "ಇವತ್ತ ಗುರ್ತು ಹಿಡದ್ಲರಿ" ಎನ್ನುವರು, ಹಿಡಿಯದ ದಿನ ಬೇಗ ಫೋನ್ ಇಡುವರು.

ಆಂಟಿಗಿಂತ ಮೊದಲು ಅವರೇ ಹೋದರು, ಹಾರ್ಟ್ ಅಟ್ಯಾಕ್. ಹ್ಯೂಸ್ಟನ್ನಿನಲ್ಲಿ ಅಂತ್ಯಕ್ರಿಯೆ. ನಾನು ಆಂಟಿಯ ಕೈ ಹಿಡಿದು ಪಕ್ಕ ಕೂತಿದ್ದೆ. ಬಹಳ ಹೊತ್ತು ಅಂಕಲ್ ಅವರ ಮುಖವನ್ನೇ ನೋಡಿದ ಆಂಟಿ ನನ್ನ ಕಿವಿಯ ಬಳಿ ಬಾಗಿದರು.

"ಪಾಪ, ಯಾರ್ರೀ ಇವ್ರು? ಮನಿಯವ್ರು ಯಾರೂ ಬಂದಿಲ್ಲೇನು?"

"ಬಂದಿದ್ದಾರೆ ಆಂಟಿ" ಎಂದೆ. ಅವರ ಕೈ ಬಿಡಲಾಗಲಿಲ್ಲ.